ಸವೇತಾ ಅಜ್ಜಿಯ ಮನೆಯ ಕರೆಂಟು

ಲಿಯೊಂತಿನ್ ಕೊತುನಾ ಯಾರ ಮನೆಗೆ ಹೋದರೂ ಬಾಯ್ಲರಿನ ಮುಚ್ಚಳ ಬಿಚ್ಚುವ ಮೊದಲು ಅದರ ಎದುರು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದ. ಬಲಗೈಯಿಂದ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದ. ಆಮೇಲೆ ಬಲಗಿವಿಯನ್ನು ತಗಡಿನ ಹತ್ತಿರ ತಂದು ಕೇಳುತ್ತಿದ್ದ. ಎಡಗಿವಿಯನ್ನು ಕಾರ್ಖಾನೆಯ ಸದ್ದು ಎಂದೋ ತಿಂದುಹಾಕಿತ್ತು. ನೋಡುವವರಿಗೆ ನಗು ಬರುತ್ತಿತ್ತು.

"ಮೇಸ್ತ್ರಿ, ಅದು ದೇವರ ಪಟ ಅಲ್ಲ, ಬಾಯ್ಲರು."

"ಗೊತ್ತು ತಾಯಿ. ದೇವರಾದ್ರೆ ನಾವು ಹೇಳೋದನ್ನ ಅವನು ಕೇಳ್ತಾನೆ. ಇದರ ಮುಂದೆ ನಾವೇ ಕೇಳಬೇಕು."

ಅರಾದ್ ಪಟ್ಟಣದಲ್ಲಿ, ಮುರೆಶ್ ನದಿಯ ದಂಡೆಗೆ ಹತ್ತಿರದ ಹಳೆಯ ಬೀದಿಗಳಲ್ಲಿ, ಅವನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹರೆಯದಲ್ಲಿ ರೈಲು ಬೋಗಿ ಕಾರ್ಖಾನೆಯಲ್ಲಿ ಲೇತ್ ಹಿಡಿದವನು. ಕಾರ್ಖಾನೆ ಜನರನ್ನು ಕಡಿಮೆ ಮಾಡಿದಾಗ, ಮನೆಯಲ್ಲಿ ಕೂತರೆ ಹೆಂಡತಿಯ ಬಾಯಿಗೆ ಆಹಾರವಾಗುತ್ತೇನೆ ಎಂದು ಗ್ಯಾಸಿನ ಕೆಲಸ ಕಲಿತ. ಆಗ ಊರಿನವರು ಪುರಸಭೆಯ ಕೊಳವೆಯಲ್ಲಿ ಬರುವ ಬಿಸಿನೀರಿಗೆ ಕಾದು ಕಾದು ಸಾಕಾಗಿ, ತಂತಮ್ಮ ಮನೆಗೇ ಬಾಯ್ಲರ್ ಹಾಕಿಸಿಕೊಳ್ಳುತ್ತಿದ್ದ ಕಾಲ. ಅಡುಗೆಮನೆಯ ಗೋಡೆಗೆ ಒಂದು ಬಿಳಿ ಪೆಟ್ಟಿಗೆ. ಚಳಿಗಾಲದಲ್ಲಿ ಕೋಣೆಗಳನ್ನು ಬೆಚ್ಚಗಿಡುವುದೂ ಅದೇ, ನಲ್ಲಿ ತಿರುಗಿಸಿದರೆ ಆ ಕ್ಷಣವೇ ನೀರು ಕಾಯಿಸಿ ಕೊಡುವುದೂ ಅದೇ. ಅಂಥ ಪೆಟ್ಟಿಗೆಗಳನ್ನು ಅವನು ಬೀದಿಗಟ್ಟಲೆ ತೂಗುಹಾಕಿದ್ದ. ಈಗ ಅವೂ ಮುದಿಯಾಗಿದ್ದವು, ಅವನೂ ಮುದಿಯಾಗಿದ್ದ. ಹೊಸ ಹುಡುಗರು ಹಳೆಯದನ್ನು ಕಂಡರೆ "ಕಿತ್ತು ಬಿಸಾಕಿ" ಎನ್ನುತ್ತಿದ್ದರು. ಹಾಗೆ ಬಿಸಾಕಲು ಮನಸ್ಸಾಗದವರು ಲಿಯೊಂತಿನ್‌ಗೆ ಫೋನ್ ಮಾಡುತ್ತಿದ್ದರು.

ಸವೇತಾ ಅಜ್ಜಿ ಅಂಥವರಲ್ಲಿ ಒಬ್ಬಳು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮಾಡಿ ಬೆನ್ನು ಬಗ್ಗಿದವಳು. ಗಂಡ ತೀರಿಕೊಂಡ ಮೇಲೆ ಮೊಮ್ಮಗಳು ಲಿಜಿಯಾಳನ್ನು ಜೊತೆಗಿಟ್ಟುಕೊಂಡಿದ್ದಳು. ಲಿಜಿಯಾಳ ಗಂಡ ಲಾರಿ ಓಡಿಸುವವನು, ಮನೆಗಿಂತ ರಸ್ತೆಯ ಮೇಲೇ ಹೆಚ್ಚು. ನಾಲ್ಕು ಮನೆಗಳಿಗೆ ಒಂದೇ ಅಂಗಳವಿರುವ, ದಪ್ಪ ಗೋಡೆಯ, ಎತ್ತರದ ಚಾವಣಿಯ ಹಳೆಯ ಕಟ್ಟಡದಲ್ಲಿ ಅವರ ಮನೆ. ಅಲ್ಲಿಯ ಬಾಯ್ಲರನ್ನು ಹಾಕಿದವನು ಲಿಯೊಂತಿನ್ನೇ. ಹಳೆಯ ಮಾದರಿಯದು: ಉರಿಯಲು ಬೇಕಾದ ಗಾಳಿಯನ್ನು ಅಡುಗೆಮನೆಯಿಂದಲೇ ಎಳೆದುಕೊಂಡು, ಹೊಗೆಯನ್ನು ಇಟ್ಟಿಗೆಯ ಚಿಮಣಿಗೆ ಬಿಡುವಂಥದು. ಆ ಗಾಳಿ ಒಳಗೆ ಬರಲೆಂದು ಅಂಗಳದ ಕಡೆಯ ಗೋಡೆಯಲ್ಲಿ ಅವನೇ ತೂತು ಕೊರೆದು ಜಾಲರಿ ಕೂರಿಸಿದ್ದ.

ಆ ವರ್ಷ ಚಳಿ ಶುರುವಾಗುವಾಗ ಲಿಜಿಯಾಳಿಗೆ ಗಂಡುಮಗುವಾಯಿತು. ದಾಮಿಯಾನ್ ಎಂದು ಹೆಸರಿಟ್ಟರು. ಮಗು ಮನೆಗೆ ಬಂದ ಕೆಲವೇ ದಿನಕ್ಕೆ ಬಾಯ್ಲರ್ ಕೈಕೊಡಲಾರಂಭಿಸಿತು. ಅಡುಗೆಮನೆಯಲ್ಲಿ ಮಗುವಿಗೆ ಸ್ನಾನ ಮಾಡಿಸುವ ನಡುವೆಯೇ ನೀರು ಉಗುರುಬೆಚ್ಚಗಾಗಿ, ನೋಡನೋಡುತ್ತ ತಣ್ಣಗಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ತಾನೇ ಹೊತ್ತಿಕೊಂಡು ಏನೂ ಆಗದಂತೆ ಇರುತ್ತಿತ್ತು.

ಲಿಯೊಂತಿನ್ ಬಂದ. ನಿಂತ, ಕೇಳಿದ. ಸುಣ್ಣ ಎಂದ. ಆ ಊರಿನ ನೀರಿನಲ್ಲಿ ಸುಣ್ಣದ ಅಂಶ ಇದ್ದೇ ಇದೆ. ನೀರು ಕಾಯುವ ತಟ್ಟೆಗಳ ಸಂದಿಯಲ್ಲಿ ಅದು ಗಟ್ಟಿ ಕಟ್ಟಿಕೊಂಡರೆ ನೀರಿಗೆ ಬಿಸಿ ತಾಗುವುದಿಲ್ಲ. ಆ ಭಾಗವನ್ನು ಬಿಚ್ಚಿ, ಆಮ್ಲದಲ್ಲಿ ನೆನೆಹಾಕಿ, ತೊಳೆದು ಕೂರಿಸಿದ. ನಲ್ಲಿ ಬಿಟ್ಟ. ಕೈ ಹಿಂದೆಗೆಯುವಷ್ಟು ಬಿಸಿ. ಅಜ್ಜಿ ಕಾಫಿ ಕೊಟ್ಟಳು, ಗಸಗಸೆ ತುಂಬಿದ ಸಿಹಿ ರೊಟ್ಟಿಯ ಸುರುಳಿ ಕೊಟ್ಟಳು. ಅವನು ತಿನ್ನುತ್ತ ಕಿಟಕಿಯ ಕಡೆ ನೋಡಿದ. ಹಳೆಯ ಮರದ ಕಿಟಕಿ ಹೋಗಿ, ಜೋಡಿ ಗಾಜಿನ ಹೊಸ ಕಿಟಕಿ ಬಂದಿತ್ತು.

"ಚೆನ್ನಾಗಿದೆ ಕಿಟಕಿ. ಬೀದಿಯ ಸದ್ದೇ ಇಲ್ಲ."

"ಮಗು ಬರುತ್ತೆ ಅಂತ ಹಾಕಿಸಿದ್ದು ಮೇಸ್ತ್ರಿ. ಹಳೇದರಲ್ಲಿ ಬೆರಳು ತೂರೋ ಅಷ್ಟು ಸಂದಿ."

"ಒಳ್ಳೇದೇ ಮಾಡಿದ್ರಿ," ಎಂದ ಲಿಯೊಂತಿನ್. ಮನೆಗೆ ಹೋಗುವಾಗ ತನ್ನ ಮನೆಗೂ ಅಂಥದೇ ಹಾಕಿಸಬೇಕು ಎಂದುಕೊಂಡ.

ವಾರ ಕಳೆಯುವುದರೊಳಗೆ ಮತ್ತೆ ಫೋನ್. ಅದೇ ತೊಂದರೆ. ಈ ಸಲ ಅವನು ನೀರಿನ ಬಿಸಿ ಅಳೆಯುವ ಪುಟ್ಟ ಬಿಡಿಭಾಗವನ್ನು ಬದಲಿಸಿದ. ಬಿಸಿನೀರನ್ನು ಒಮ್ಮೆ ಕೋಣೆಗಳ ಕಡೆಗೆ, ಒಮ್ಮೆ ನಲ್ಲಿಯ ಕಡೆಗೆ ತಿರುಗಿಸುವ ಕವಾಟದ ಒಣಗಿದ ರಬ್ಬರನ್ನೂ ತೆಗೆದು ಹೊಸದು ಹಾಕಿದ. ಅರ್ಧ ಪೀಪಾಯಿ ನೀರು ಹರಿಸಿ ನೋಡಿದ. ಒಂದು ಹನಿಯೂ ತಣ್ಣಗೆ ಬರಲಿಲ್ಲ.

ಲಿಜಿಯಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಮೇಸ್ತ್ರಿ, ಅದಕ್ಕೆ ನಿಮ್ಮನ್ನ ಕಂಡ್ರೆ ಭಯ. ನೀವು ಇಲ್ಲೇ ಇದ್ದುಬಿಡಿ. ಒಲೆ ಪಕ್ಕ ಮಂಚ ಹಾಕ್ಕೊಡ್ತೀವಿ."

"ನನ್ನ ಹೆಂಡ್ತಿ ಕಳಿಸಲ್ಲಮ್ಮ."

"ಅವರನ್ನೂ ಕರ್ಕೊಂಡು ಬನ್ನಿ. ಅವರು ಮಗು ನೋಡ್ಕೋತಾರೆ, ನೀವು ಬಾಯ್ಲರ್ ನೋಡ್ಕೊಳ್ಳಿ, ನಾನು ಮಲಗ್ತೀನಿ."

ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಎಳೆಮಗುವಿನ ತಾಯಿ, ನಿದ್ದೆಯಿಲ್ಲ, ಇನ್ನೇನು ಎಂದು ಲಿಯೊಂತಿನ್ ಅಂದುಕೊಂಡ.

ಎರಡು ದಿನ ಬಿಟ್ಟು ಫೋನ್ ಮಾಡಿದವಳು ಸವೇತಾ ಅಜ್ಜಿ. ಅವನು ಇನ್ನೊಬ್ಬರ ಮನೆಯಲ್ಲಿ ಏಣಿಯ ಮೇಲಿದ್ದ.

"ಮತ್ತೆ ತಣ್ಣಗಾಯ್ತು ಮೇಸ್ತ್ರಿ. ಮಗು ಸೋಪಿನ ನೊರೆಯಲ್ಲೇ ಕೂತಿದೆ."

"ಆರೋದಕ್ಕೆ ಮುಂಚೆ ಏನು ಮಾಡಿದ್ರಿ, ಹೇಳಿ."

"ಏನಿಲ್ಲಪ್ಪ, ದಿನಾ ಮಾಡೋದೇ. ಮಗು ಸ್ನಾನ ಅಂತ ಕರೆಂಟ್ ಬಂದ್ ಮಾಡಿದೆ, ನೀರು ಬಿಟ್ಟೆ."

"ಕರೆಂಟ್ ಬಂದ್ ಮಾಡಿದ್ರಾ!"

"ಮತ್ತೇನು? ಹಸುಗೂಸು. ಮೈ ಒದ್ದೆ ಇರೋವಾಗ ಕರೆಂಟ್ ಹೊಡೆದ್ರೆ ಯಾರು ಹೊಣೆ, ನೀನಾ?"

ಲಿಯೊಂತಿನ್‌ಗೆ ಏಣಿಯ ಮೇಲೇ ನಗು ಬಂತು. ಇಷ್ಟು ದಿನ ಸುಣ್ಣ, ಕವಾಟ ಎಂದು ಒದ್ದಾಡಿದ್ದು ಇದಕ್ಕೆ! "ಅಮ್ಮಾ, ಅದು ಯಾರನ್ನೂ ಹೊಡೆಯಲ್ಲ. ನಾನೇ ಎಲ್ಲ ಸರಿಯಾಗಿ ಮಾಡಿಟ್ಟಿದೀನಿ. ಇನ್ಮೇಲೆ ಬಂದ್ ಮಾಡಬೇಡಿ. ಅದಿಲ್ದೆ ಬಾಯ್ಲರ್ ಉರಿಯಲ್ಲ, ಗೊತ್ತಾಯ್ತಾ? ಸ್ನಾನ ಮುಗಿಯೋ ತನಕ ಕರೆಂಟ್ ಬರ್ತಾನೇ ಇರಬೇಕು."

ಆ ಕಡೆ ಮಗು ಅಳುವುದು ಕೇಳಿಸಿತು.

"ಮಗು ಇದ್ದಾಗಲೂನಾ?"

"ಮಗು ಇದ್ದಾಗಲೂ."

"ಆಯ್ತಪ್ಪ, ಆಯ್ತು," ಎಂದಳು ಅಜ್ಜಿ, ಕುಡಿದು ಬಂದವನಿಗೆ ಸಮಾಧಾನ ಹೇಳುವವರ ಹಾಗೆ.

ಅವನು ಕೆಲಸ ಮುಗಿಯಿತು ಎಂದುಕೊಂಡ. ಮುಗಿದಿರಲಿಲ್ಲ. ಮುಂದಿನ ಸಲ ಲಿಜಿಯಾ ಫೋನ್ ಮಾಡಿದಾಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಬಾಯ್ಲರಿನ ಪ್ಲಗ್ಗನ್ನು ಯಾರೂ ಮುಟ್ಟಿಲ್ಲವಂತೆ, ಯಾವತ್ತೂ ಮುಟ್ಟಿಲ್ಲವಂತೆ; ಅಜ್ಜಿ ಏನೋ ಗೊಂದಲ ಮಾಡಿಕೊಂಡಿರಬೇಕು ಎಂದುಕೊಂಡ. ನೀರು ಮತ್ತೆ ಕೈಕೊಟ್ಟಿದ್ದಕ್ಕೆ ಅಜ್ಜಿ ದೊಡ್ಡ ಪಾತ್ರೆಯಲ್ಲಿ ಒಲೆಯ ಮೇಲೆ ನೀರು ಕುದಿಸಲು ಹೋಗಿ, ಇಳಿಸುವಾಗ ಕೈಮೇಲೆ ಚೆಲ್ಲಿಕೊಂಡಿದ್ದಳು. ಮಣಿಕಟ್ಟಿನವರೆಗೆ ಪಟ್ಟಿ ಕಟ್ಟಿದ್ದರು.

"ಬರೋ ಭಾನುವಾರ ಮಗೂಗೆ ದೀಕ್ಷಾಸ್ನಾನ ಮೇಸ್ತ್ರಿ. ಸೋಮವಾರ ಬೆಳಿಗ್ಗೆ ಫೆಲಿಚಿಯಾ ಬರ್ತಾಳೆ. ಅಷ್ಟರಲ್ಲಿ ಬಿಸಿನೀರು ಬೇಕೇ ಬೇಕು."

ಫೆಲಿಚಿಯಾ ಮಗುವಿನ ಧರ್ಮತಾಯಿ, ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿಕೊಳ್ಳುವವಳು. ಸೋಮವಾರದ ಸ್ನಾನ ಎಂದರೇನು ಎಂದು ಲಿಯೊಂತಿನ್‌ಗೆ ಹೇಳಬೇಕಾಗಿರಲಿಲ್ಲ. ಪಾದ್ರಿ ಮಗುವಿನ ಮೈಗೆ ಹಚ್ಚಿದ ಪವಿತ್ರ ತೈಲವನ್ನು ಮಾರನೆಯ ಬೆಳಿಗ್ಗೆ ಧರ್ಮತಾಯಿಯೇ ತನ್ನ ಕೈಯಾರೆ ತೊಳೆಯಬೇಕು. ನೀರಿಗೆ ತುಳಸಿಯ ಜಾತಿಯ ಗಿಡದ ಒಂದು ಎಸಳು, ಒಂದು ಗುಟುಕು ಹಾಲು, ಜೇನು ಹಾಕಬೇಕು. ಆ ನೀರನ್ನು ಬಚ್ಚಲಿಗೆ ಬಿಡುವಂತಿಲ್ಲ. ಹಣ್ಣಿನ ಮರದ ಬುಡಕ್ಕೆ, ಯಾರೂ ತುಳಿಯದ ಕಡೆ ಸುರಿಯಬೇಕು. ಇದೊಂದನ್ನು ಆ ಮಗುವಿಗೆ ಬೆಚ್ಚಗೆ, ಅಡ್ಡಿಯಿಲ್ಲದೆ ಮಾಡಿಕೊಡಬೇಕು ಎಂಬುದೇ ಸವೇತಾ ಅಜ್ಜಿಯ ಹಠ. ಮಗುವಿಗೆ ನೀರು ಬೆಚ್ಚಗೇ ಇರಬೇಕು ಎಂಬ ಹಠದಲ್ಲೇ ಕೈಯನ್ನೂ ಸುಟ್ಟುಕೊಂಡಿದ್ದಳು.

ಆ ಸಂಜೆ ಊಟಕ್ಕೆ ಕೂತಾಗ ಅವನ ಹೆಂಡತಿ ಇಬೊಯಾ ತಟ್ಟೆಗೆ ಎಲೆಕೋಸಿನ ಸುರುಳಿ ಹಾಕುತ್ತ ಅವನ ಮುಖ ನೋಡಿದಳು.

"ಇವತ್ತೂ ಆ ಬಾಯ್ಲರೇನಾ? ಅದರ ಜೊತೆ ಮದುವೆ ಆಗಿದ್ರೆ ನನಗೂ ಆರಾಮಿತ್ತು."

"ಎಲ್ಲ ಬದಲಾಯಿಸಿದೆ ಮಾರಾಯ್ತಿ. ಏನು ಕೆಟ್ಟಿದೆಯೋ ಗೊತ್ತಾಗ್ತಿಲ್ಲ."

"ಯಾವಾಗ ಕೆಡುತ್ತೆ ಅಂತ ಕೇಳಿದ್ಯಾ?"

"ಮಗು ಸ್ನಾನದ ಹೊತ್ತಿಗೆ."

"ಪಾತ್ರೆ ತೊಳೆಯೋವಾಗ ಕೆಡಲ್ವಾ?"

ಲಿಯೊಂತಿನ್ ಚಮಚ ಕೆಳಗಿಟ್ಟ. ಪಾತ್ರೆ ತೊಳೆಯುವಾಗ ಕೆಡುವುದಿಲ್ಲ. ಮಗುವಿನ ಸ್ನಾನಕ್ಕೆ ಮೊದಲು ಅಜ್ಜಿ ಕೋಣೆಯ ಶಾಖವನ್ನೂ ಪೂರ್ತಿ ಏರಿಸುತ್ತಾಳೆ; ಬಾಯ್ಲರ್ ಬಹಳ ಹೊತ್ತು ಜೋರಾಗಿ ಉರಿಯುತ್ತದೆ. ಆಮೇಲೆ ತಾನೇ ಆರುತ್ತದೆ, ಕಾಲು ತಾಸಿನ ಮೇಲೆ ತಾನೇ ಹೊತ್ತುತ್ತದೆ. ಹಾಗೆ ಆರಿಸಿ ಹೊತ್ತಿಸುವ ಭಾಗ ಒಂದೇ. ಚಿಮಣಿಯ ಬಾಯಲ್ಲಿ ಗುಂಡಿಯಷ್ಟು ಚಿಕ್ಕದೊಂದು ಕಾವಲುಗಾರ ಇದೆ. ಹೊಗೆ ಮೇಲೆ ಹೋಗದೆ ಮನೆಯೊಳಕ್ಕೆ ಹಿಂತಿರುಗಿದರೆ ಅದಕ್ಕೆ ಬಿಸಿ ತಾಗುತ್ತದೆ, ಕೂಡಲೇ ಉರಿ ನಿಲ್ಲಿಸುತ್ತದೆ.

ಶುಕ್ರವಾರ ಹೋಗಿ ಚಿಮಣಿ ನೋಡಿದ. ಬೆಂಕಿಕಡ್ಡಿ ಗೀರಿ ಬಾಯಿಗೆ ಹಿಡಿದ. ಜ್ವಾಲೆ ಮೇಲಕ್ಕೆ ಬಾಗಿತು. ಮಸಿಯಿಲ್ಲ, ಹಕ್ಕಿಗೂಡಿಲ್ಲ, ಎಳೆತ ಚೆನ್ನಾಗಿದೆ. ಗೋಡೆಯ ಜಾಲರಿಯ ಕಡೆ ಕಣ್ಣು ಹಾಯಿಸಿದ. ಅದೂ ತೆರೆದೇ ಇತ್ತು. ಹಾಗಾದರೆ ಕೆಟ್ಟಿರುವುದು ಕಾವಲುಗಾರನೇ. ಮುದಿಯಾಗಿ, ಇಲ್ಲದ ಹೊಗೆಗೆ ಬೆದರುತ್ತಿದೆ. ಅಂಗಡಿಗೆ ಫೋನ್ ಮಾಡಿದ. ಆ ಮಾದರಿಯದು ಈಗ ಬರುವುದಿಲ್ಲ, ಹುಡುಕಿ ತರಿಸಬೇಕು, ಒಂದು ವಾರವಾದರೂ ಬೇಕು ಎಂದರು.

ಶನಿವಾರ ಬೆಳಿಗ್ಗೆ ಅದನ್ನೇ ಲಿಜಿಯಾಳಿಗೆ ಹೇಳಿದ. ಅವಳು ಮಗುವನ್ನು ಈ ತೋಳಿನಿಂದ ಆ ತೋಳಿಗೆ ಬದಲಿಸಿಕೊಂಡಳು.

"ಅದನ್ನ ದಾಟಿಸಿ ಒಂದು ತಂತಿ ಹಾಕಬಹುದಂತಲ್ಲ. ಪಕ್ಕದ ಮನೆಯವರು ಹೇಳಿದ್ರು. ಅವರ ಹುಡುಗ ಐದು ನಿಮಿಷದ ಕೆಲಸ ಅಂದ."

"ಹಾಕಬಹುದು."

"ಮತ್ತೆ?"

"ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಹಾಕಿಲ್ಲ."

"ಅದು ಕೆಟ್ಟಿದೆ ಅಂತ ನೀವೇ ಹೇಳ್ತಿದೀರ. ಕೆಟ್ಟಿರೋದನ್ನ ಇಟ್ಕೊಂಡು ಪೂಜೆ ಮಾಡ್ತೀರಾ? ಅಜ್ಜಿ ಕೈ ನೋಡಿ. ನಾಡಿದ್ದು ಮಗು ಮೇಲೆ ಬೀಳಲಿ ಬಿಸಿನೀರು, ಆಗ ಹಾಕ್ತೀರಾ?" ಅವಳ ದನಿ ಒಡೆಯಿತು. "ನೀವು ಹಾಕದಿದ್ರೆ ಆ ಹುಡುಗನ್ನ ಕರೀತೀನಿ."

ಲಿಯೊಂತಿನ್ ಬಾಯ್ಲರಿನ ಕಡೆ ನೋಡಿದ. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಚಿಮಣಿಯನ್ನು ಅವನೇ ನೋಡಿದ್ದ. ಒಂದು ವಾರದ ಮಟ್ಟಿಗೆ ತಾನೇ. ಆ ಹುಡುಗ ಹಾಕಿದರೆ ತೆಗೆಯುವವರು ಯಾರೂ ಇಲ್ಲ. ತಾನು ಹಾಕಿದರೆ ತಾನೇ ಬಂದು ತೆಗೆಯುತ್ತೇನೆ. ಒಳ್ಳೆಯದಕ್ಕೇ ಎಂದು ಅನಿಸಿದಾಗ ಮನುಷ್ಯನ ಕೈ ಹಗುರಾಗುತ್ತದೆ. ಪ್ಲಗ್ಗನ್ನು ಕಿತ್ತು ಮೇಜಿನ ಮೇಲಿಟ್ಟ. ಮುಚ್ಚಳ ತೆಗೆದ. ಚೀಲದಿಂದ ಬೆರಳುದ್ದದ ತಂತಿ ತೆಗೆದು, ಎರಡೂ ತುದಿಯ ಸಿಪ್ಪೆ ಸುಲಿದ. ಶಿಲುಬೆಯ ಗುರುತು ಮಾಡಲು ಕೈ ಎತ್ತಿದವನು, ಯಾಕೋ ಇವತ್ತು ಬೇಡ ಎನಿಸಿ ಇಳಿಸಿದ. ಅದು ಅವನ ಮನಸ್ಸಿಗೆ ಚುಚ್ಚಿತು. ಆದರೂ ಸ್ಕ್ರೂ ಸಡಿಲಿಸಿದ.

ಅಷ್ಟರಲ್ಲಿ ಸವೇತಾ ಅಜ್ಜಿ ಒಳಗೆ ಬಂದಳು. ಕತ್ತಿಗೆ ಉಣ್ಣೆಯ ಶಾಲು, ಪಟ್ಟಿ ಕಟ್ಟಿದ ಕೈಯಲ್ಲಿ ಕಸೂತಿ ಹಾಕಿದ ಪುಟ್ಟ ದಿಂಬು.

"ಬೇಗ ಮುಗ್ಸಪ್ಪ. ಕರೆಂಟ್ ಬರ್ತಾ ಇದೆ."

ಲಿಯೊಂತಿನ್ ಬೆಚ್ಚಿ ಕೈ ಹಿಂದೆಗೆದ. ಪ್ಲಗ್ಗಿನ ಕಡೆ ನೋಡಿದ. ಮೇಜಿನ ಮೇಲೆಯೇ ಇತ್ತು.

"ಎಲ್ಲಿಂದ ಬರುತ್ತಮ್ಮ? ಪ್ಲಗ್ ಕಿತ್ತಿಟ್ಟಿದೀನಿ."

"ಗೋಡೆಯಿಂದ."

"ಗೋಡೆಯಿಂದನಾ! ಮುಟ್ಟಿದ್ರಾ? ಹೊಡೀತಾ?"

"ಮುಟ್ಟೋದೇನು ಬಂತು? ಇಲ್ಲಿ ನಿಂತ್ರೆ ಸಾಕು, ಕತ್ತಿಗೇ ಹೊಡೆಯುತ್ತೆ."

ಅವನು ಪರೀಕ್ಷೆಯ ಸ್ಕ್ರೂಡ್ರೈವರ್ ತೆಗೆದು ಗೋಡೆಗೆ ಅಲ್ಲೊಂದು ಕಡೆ, ಇಲ್ಲೊಂದು ಕಡೆ ಒತ್ತಿದ. ದೀಪ ಹತ್ತಲಿಲ್ಲ. ಅಜ್ಜಿ ಅವನನ್ನೇ ಕನಿಕರದಿಂದ ನೋಡುತ್ತಿದ್ದಳು.

"ಏನಪ್ಪ, ಗೋಡೆಗೆ ಇಂಜೆಕ್ಷನ್ ಕೊಡ್ತಿದೀಯಾ? ಅಲ್ಲಲ್ಲ, ಆ ತೂತಿಂದ! ನೀನೇ ಕೊರೆದಿದ್ದಲ್ವಾ, ಆ ತೂತಿಂದ ಬರೋ ಕರೆಂಟ್. ಮಗು ಸ್ನಾನಕ್ಕೆ ದಿನಾ ಈ ದಿಂಬು ತುರುಕಿ ಬಂದ್ ಮಾಡ್ತೀನಿ."

ಆ ಊರಿನವರ ಮಾತಿನಲ್ಲಿ ತಂತಿಯಲ್ಲಿ ಹರಿಯುವುದೂ ಕರೆಂಟೇ, ಸಂದಿಯಿಂದ ನುಗ್ಗುವ ತಣ್ಣನೆಯ ಗಾಳಿಯೂ ಕರೆಂಟೇ; ಅದು ಮೈಗೆ ಹೊಡೆದರೆ ಕಾಯಿಲೆ ಖಂಡಿತ ಎಂದು ಅವರ ನಂಬಿಕೆ. ಮನೆಯ ಹೆಂಗಸರು ಗಾಳಿಯನ್ನು ಹೇಳುತ್ತಾರೆ; ತಂತಿ ಹಿಡಿದು ಬದುಕುವವನಿಗೆ ತಂತಿಯೇ ಕೇಳಿಸುತ್ತದೆ. ಲಿಯೊಂತಿನ್ ಆ ಊರಿನಲ್ಲೇ ಹುಟ್ಟಿದವನು. ಬಸ್ಸಿನಲ್ಲಿ ಎರಡು ಕಿಟಕಿ ಎದುರುಬದುರು ತೆರೆದರೆ ತಾನೇ ಎದ್ದು ಒಂದನ್ನು ಮುಚ್ಚುವವನು. ಆದರೂ ಅವನಿಗೆ ತಂತಿಯೇ ಕೇಳಿಸಿತ್ತು.

"ನಾನು ಬಂದಾಗೆಲ್ಲ ದಿಂಬು ಇರ್ಲಿಲ್ವಲ್ಲ?"

"ಇರ್ಲಿಲ್ಲ. ನೀನು ಬರ್ತೀಯ ಅಂದ್ರೆ ತೆಗೆದು ಬಚ್ಚಿಡ್ತೀನಿ. ಬಂದವರು ಏನಂದ್ಕೋತಾರೆ, ಗೋಡೆಗೆ ದಿಂಬು ತುರುಕಿದ ಮನೆ ಅಂತ? ಇವತ್ತು ಚಳಿ ತಡೀಲಾರ್ದೆ ತಂದೆ."

ಬಾಗಿಲಲ್ಲಿ ನಿಂತಿದ್ದ ಲಿಜಿಯಾ ಕಿಸಕ್ಕನೆ ನಕ್ಕಳು. ಲಿಯೊಂತಿನ್ ನಗಲಿಲ್ಲ. ಅವನು ಹೊಸ ಕಿಟಕಿಯ ಕಡೆ ನೋಡಿದ. ಒಂದು ಸಂದಿಯೂ ಇಲ್ಲದ, ತಾನೇ ಹೊಗಳಿದ್ದ ಕಿಟಕಿ. ಆಮೇಲೆ ನಿಧಾನವಾಗಿ ಕೇಳಿದ.

"ಸ್ನಾನ ಆದ ಮೇಲೆ ಮಗು ಹೇಗಿರುತ್ತೆ?"

"ಚೆನ್ನಾಗಿ ನಿದ್ದೆ ಮಾಡುತ್ತೆ," ಎಂದಳು ಲಿಜಿಯಾ. "ಅದೊಂದೇ ಹೊತ್ತು ನನಗೂ ನಿದ್ದೆ. ಎಬ್ಬಿಸಿದ್ರೂ ಏಳಲ್ಲ."

"ನಿಮಗಮ್ಮ?"

"ನನಗೇನು, ಬಗ್ಗಿ ಬಗ್ಗಿ ತಲೆ ಸಿಡಿಯುತ್ತೆ. ವಯಸ್ಸಲ್ವಾ."

ಅವನು ಅವರಿಬ್ಬರನ್ನೂ ಮಗುವಿನೊಂದಿಗೆ ಒಳಕೋಣೆಗೆ ಕಳಿಸಿ, ಅಲ್ಲಿಯ ಕಿಟಕಿ ತೆರೆದುಕೊಳ್ಳಲು ಹೇಳಿ ಬಾಗಿಲು ಹಾಕಿಸಿದ. ಸ್ಕ್ರೂ ಬಿಗಿದ, ಪ್ಲಗ್ ಹಾಕಿದ. ಅಜ್ಜಿ ಮಾಡುವಂತೆಯೇ ದಿಂಬನ್ನು ಜಾಲರಿಗೆ ತುರುಕಿ, ಕಿಟಕಿ ಮುಚ್ಚಿ, ಶಾಖವನ್ನೂ ನಲ್ಲಿಯನ್ನೂ ಪೂರ್ತಿ ಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ ಕಡ್ಡಿ ಗೀರಿ ಚಿಮಣಿಯ ಬಾಯಿಗೆ ಹಿಡಿದ. ಜ್ವಾಲೆ ಮೇಲಕ್ಕೆ ಬಾಗಲಿಲ್ಲ. ಅವನ ಮುಖದ ಕಡೆಗೆ ಬಾಗಿತು. ಬಿಸಿ ಉಸಿರೊಂದು ಕೆನ್ನೆಗೆ ತಾಗಿತು. ಟಕ್ ಎಂದು ಬಾಯ್ಲರ್ ಆರಿತು.

ಕಾವಲುಗಾರ ಕೆಟ್ಟಿರಲಿಲ್ಲ. ಇಷ್ಟು ದಿನವೂ ಅದು ಹೇಳುತ್ತಿದ್ದುದು ನಿಜವನ್ನೇ.

ಲಿಯೊಂತಿನ್ ದಿಂಬು ಕಿತ್ತು, ಕಿಟಕಿ ಹಾರುಹೊಡೆದು, ಮುಕ್ಕಾಲಿಯ ಮೇಲೆ ಕೂತ. ಒಳಗಿನಿಂದ ಅಜ್ಜಿ "ಯಾರದು ಕಿಟಕಿ ತೆಗೆದಿದ್ದು, ಕರೆಂಟ್ ಬರುತ್ತೆ!" ಎಂದು ಕೂಗಿದಳು.

ಆಮೇಲೆ ಅವನು ಇಬ್ಬರಿಗೂ ಬಿಡಿಸಿ ಹೇಳಿದ. ಗಾಳಿ ಬರದಿದ್ದರೆ ಹೊಗೆ ಹೋಗುವುದಿಲ್ಲ. ಆ ಹೊಗೆಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ತಲೆನೋವು ತರುತ್ತದೆ, ನಿದ್ದೆ ತರುತ್ತದೆ, ಆ ನಿದ್ದೆಯಿಂದ ಏಳದಂತೆ ಮಾಡುತ್ತದೆ. ಲಿಜಿಯಾಳ ಮುಖ ಬಿಳಿಚಿಕೊಂಡಿತು. ಅವಳು ಮಗುವನ್ನು ಎದೆಗೆ ಒತ್ತಿಕೊಂಡು ಆಗಲೇ ಕೋಟು ಹುಡುಕಿದಳು. ಆ ಮಧ್ಯಾಹ್ನವೇ ಮೂವರೂ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಬಂದರು. ಮಗುವಿಗೂ ಅವರಿಬ್ಬರಿಗೂ ಏನೂ ಆಗಿರಲಿಲ್ಲ.

ಆದರೆ ಆಸ್ಪತ್ರೆಗೆ ಹೊರಡುವ ಮೊದಲು ಸವೇತಾ ಅಜ್ಜಿ ದಿಂಬನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು.

"ನೀನು ಹೇಳೋದು ನಿಜ ಇರಬಹುದು. ಹಾಗಂತ ಆ ತೂತು ತೆಗೆದು ಮಗೂಗೆ ನೀರು ಹಾಕು ಅಂದ್ರೆ ನನ್ನ ಕೈಲಾಗಲ್ಲ. ನನ್ನ ಮೊದಲನೇದು, ಫ್ಲೋರಿತ್ಸಾ. ಹಳ್ಳಿಯಲ್ಲಿ. ಒಲೆ ಪಕ್ಕ ಕೂರಿಸ್ಕೊಂಡು ಸ್ನಾನ ಮಾಡಿಸ್ತಿದ್ದೆ, ಯಾರೋ ಬಾಗಿಲು ತೆಗೆದ್ರು, ತೆಗೆದೇ ನಿಂತ್ಕೊಂಡು ಮಾತಾಡಿದ್ರು. ಹೊರಗೆ ಹಿಮ. ಅವತ್ತೇ ಜ್ವರ ಬಂತು." ಅವಳು ದಿಂಬಿನ ಕಸೂತಿಯನ್ನು ಬೆರಳಿನಿಂದ ಸವರಿದಳು. "ಕರೆಂಟ್ ಹೊಡೀತು ಅಂದ್ರು ಎಲ್ಲ. ಆಮೇಲೆ ನಾನು ಯಾವ ಮಗೂನೂ ಹಾಗೆ ಬಿಟ್ಟಿಲ್ಲ."

ಲಿಜಿಯಾ ಈ ಮಾತನ್ನು ಮೊದಲ ಸಲ ಕೇಳುತ್ತಿದ್ದಳು. ಅವಳು ಅಜ್ಜಿಯ ಪಕ್ಕಕ್ಕೆ ಬಂದು ಕೂತಳು.

ಆ ಮಗುವನ್ನು ಕೊಂದದ್ದು ಗಾಳಿಯಲ್ಲ, ಬೇರೆ ಯಾವುದೋ ಕಾಯಿಲೆ ಎಂದು ಲಿಯೊಂತಿನ್ ಹೇಳಬಹುದಿತ್ತು. ಆದರೆ ನಿಜವಾಗಿ ಏನಾಯಿತೆಂದು ಅವನಿಗೂ ಗೊತ್ತಿರಲಿಲ್ಲ. ಅವಳ ಮುಖ ನೋಡಿದರೆ ಅದು ಹೇಳುವ ಮಾತೂ ಆಗಿರಲಿಲ್ಲ.

"ಅಮ್ಮಾ, ಕರೆಂಟ್ ಇಲ್ಲ ಅಂತ ನಾನು ಹೇಳಲ್ಲ," ಎಂದ. "ಬಾಯ್ಲರ್ ಇರೋ ಕಡೆ ಅದು ಬೇಕು, ಮಗು ಇರೋ ಕಡೆ ಬೇಡ. ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟಿದ್ದೇ ತೊಂದರೆ. ಸ್ನಾನ ಒಳಕೋಣೆಯಲ್ಲಿ ಮಾಡಿಸಿ. ಕಿಟಕಿ, ಬಾಗಿಲು ಎಷ್ಟು ಬೇಕಾದ್ರೂ ಹಾಕ್ಕೊಳ್ಳಿ. ನೀರನ್ನ ಇಲ್ಲಿಂದ ಹೊತ್ಕೊಂಡು ಹೋಗೋಣ. ಕುದಿಯೋ ನೀರಲ್ಲ, ಮೈಗೆ ಹಾಕೋ ಹದದ್ದೇ. ಈ ಅಡುಗೆಮನೆ ತಣ್ಣಗಿರಲಿ."

"ಅಷ್ಟು ದೂರ ಹೊತ್ರೆ ಆರಲ್ವಾ?"

"ಆರಿದ್ರೆ ಇನ್ನೊಂದು ಚೊಂಬು. ನಲ್ಲಿ ನಿಲ್ಲಲ್ಲ, ಅದಕ್ಕೆ ನಾನು ಹೊಣೆ."

ಅಜ್ಜಿ ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಎದ್ದು ದಿಂಬನ್ನು ಹಾಸಿಗೆಯ ಮೇಲೆ ಇಟ್ಟು ಬಂದಳು.

ಲಿಯೊಂತಿನ್ ಜಾಲರಿಯ ತಂತಿಬಲೆಯನ್ನು ಉಜ್ಜಿ ತೊಳೆದ. ವಿಷಗಾಳಿ ಬಂದರೆ ಕಿರುಚುವ ಪುಟ್ಟ ಡಬ್ಬಿಯೊಂದನ್ನು ತಂದು ಗೋಡೆಗೆ ಹಾಕಿದ. ಈ ಬಾಯ್ಲರನ್ನು ಬೇಸಿಗೆಯಲ್ಲಿ ಇಳಿಸಿ, ಹೊರಗಿನ ಗಾಳಿಯಲ್ಲೇ ಉರಿಯುವಂಥದನ್ನು ಹಾಕಲೇಬೇಕು ಎಂದು ಲಿಜಿಯಾಳಿಂದ ಮಾತು ತೆಗೆದುಕೊಂಡ. ಅವಳು ಅವನ ಕೈ ಹಿಡಿದು ಏನೋ ಹೇಳಲು ಹೋದಾಗ ಬಿಡಿಸಿಕೊಂಡ. "ನನ್ನ ಹೊಗಳಬೇಡಮ್ಮ. ನನ್ನ ಕೈಯಲ್ಲಿ ತಂತಿ ಇತ್ತು," ಎಂದ.

ಭಾನುವಾರ ಅವನು ತನ್ನ ಬೀದಿಯ ಚರ್ಚಿಗೆ ಹೋದ. ಅಲ್ಲಿ ಮೇಣದ ಬತ್ತಿ ಹಚ್ಚಲು ಎರಡು ಜಾಗ: ಬದುಕಿರುವವರಿಗೆ ಒಂದು, ತೀರಿಕೊಂಡವರಿಗೆ ಒಂದು. ನಡುವೆ ಒಂದು ಹೆಜ್ಜೆಯ ಅಂತರವೂ ಇಲ್ಲ. ಅವನು ಮೂರು ಬತ್ತಿ ಹಚ್ಚಿ ಬದುಕಿರುವವರ ಕಡೆಯ ಮರಳು ತುಂಬಿದ ತಟ್ಟೆಯಲ್ಲಿ ನಿಲ್ಲಿಸಿದ. ನಿಲ್ಲಿಸಿದ ಮೇಲೆ ಪಕ್ಕದ, ತೀರಿಕೊಂಡವರ ತಟ್ಟೆಯನ್ನು ನೋಡಿದ. ಅಲ್ಲಿಂದ ಕಣ್ಣು ತೆಗೆಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಪ್ರಾರ್ಥನೆಗೆ ಮಾತು ಬರಲಿಲ್ಲ. ದೇವರೂ ಒತ್ತಾಯ ಮಾಡಲಿಲ್ಲ.

ಸೋಮವಾರ ಬೆಳಿಗ್ಗೆ, ಯಾರೂ ಕರೆಯದಿದ್ದರೂ, ಅವನು ಸವೇತಾ ಅಜ್ಜಿಯ ಮನೆಯಲ್ಲಿದ್ದ. ಒಳಕೋಣೆಯಲ್ಲಿ ಫೆಲಿಚಿಯಾ ತೋಳು ಮಡಚಿಕೊಂಡು, ಹೊಸ ಬಿಳಿ ಟವೆಲನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದಳು. ಲಿಜಿಯಾ ನಲ್ಲಿಯಿಂದ ನೀರು ಹಿಡಿದು ಹಿಡಿದು ಒಳಗಿನ ತೊಟ್ಟಿ ತುಂಬಿದಳು. ಬಾಯ್ಲರ್ ಉರಿಯುತ್ತಿತ್ತು. ಜಾಲರಿಯಿಂದ ಅಂಗಳದ ಹಿಮದ ಗಾಳಿ ಸಣ್ಣಗೆ ಶಿಳ್ಳೆ ಹೊಡೆಯುತ್ತ ಒಳಗೆ ಬರುತ್ತಿತ್ತು.

"ಅಜ್ಜಿ, ಬಾ. ಶುರು ಮಾಡ್ತೀವಿ."

ಸವೇತಾ ಅಜ್ಜಿ ಒಳಗೆ ಹೋಗಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ಬಂದು, ಸರಿಯಾಗಿ ಜಾಲರಿಯ ಎದುರಿಗೆ, ಅದಕ್ಕೆ ಬೆನ್ನು ಕೊಟ್ಟು ಕೂತಳು.

"ನೀವು ಮಾಡ್ಕೊಳ್ಳಿ. ಬಾಗಿಲು ಭದ್ರವಾಗಿ ಹಾಕ್ಕೋ. ನಾನಿಲ್ಲಿರ್ತೀನಿ."

"ಅಲ್ಲಿ ಯಾಕಮ್ಮ ಕೂತ್ರಿ?" ಎಂದ ಲಿಯೊಂತಿನ್. "ಚಳಿ ನೇರ ನಿಮಗೇ ಹೊಡೀತಿದೆ."

"ಬರೋದು ಇಲ್ಲಿಂದ ತಾನೆ? ನನ್ನ ದಾಟ್ಕೊಂಡು ಒಳಗೆ ಹೋಗ್ಲಿ, ನೋಡೋಣ."

"ಗಾಳಿಗೆ ಅಡ್ಡ ಕೂತ್ರೆ ಬಾಯ್ಲರ್‌ಗೆ..."

"ಗೊತ್ತಪ್ಪ. ಬಾಯ್ಲರ್‌ಗೆ ಎಷ್ಟು ಬೇಕೋ ಅಷ್ಟು ಪಕ್ಕದಿಂದ ಹೋಗ್ಲಿ. ಮಗು ಪಾಲಿಂದು ನನಗೆ."

ಅವನು ನೋಡಿದ. ಕುರ್ಚಿಗೂ ಗೋಡೆಗೂ ನಡುವೆ ಎರಡು ಮೊಳ ಜಾಗವಿತ್ತು, ಗಾಳಿಗೆ ಅಡ್ಡಿಯಿರಲಿಲ್ಲ. ಕಡ್ಡಿ ಗೀರಿ ಚಿಮಣಿಗೆ ಹಿಡಿದ. ಜ್ವಾಲೆ ಮೇಲಕ್ಕೆ ಬಾಗಿತು.

ಒಳಗೆ ಮಗು ನೀರು ತಾಗಿದೊಡನೆ ಒಮ್ಮೆ ಕಿರುಚಿ, ಆಮೇಲೆ ಸುಮ್ಮನಾಯಿತು. ಫೆಲಿಚಿಯಾಳ ದನಿ ಕೇಳಿಸಿತು, ಏನೋ ಲಾಲಿಸುತ್ತಿದ್ದಳು. ನೀರಿನ ಸದ್ದು. ಸ್ವಲ್ಪ ಹೊತ್ತಿಗೆ ಬಾಗಿಲು ಒಂದಿಷ್ಟೇ ತೆರೆದು ಲಿಜಿಯಾ ನುಸುಳಿ ಬಂದು, ಹಿಂದೆಯೇ ಬಾಗಿಲು ಹಾಕಿ ನಲ್ಲಿ ತಿರುಗಿಸಿದಳು. ಚೊಂಬಿನಿಂದ ಹಬೆ ಎದ್ದಿತು.

"ಬಿಸಿ ಇದೆಯಾ?" ಎಂದಳು ಅಜ್ಜಿ, ಕತ್ತು ತಿರುಗಿಸದೆ.

"ಇದೆ ಅಜ್ಜಿ. ಬಿಸಿ ಇದೆ."

"ಹೋಗು ಹಾಗಾದ್ರೆ, ನಿಲ್ಲಬೇಡ."

ಬಾಗಿಲು ಮುಚ್ಚಿತು. ಅಜ್ಜಿ ಶಾಲನ್ನು ಕತ್ತಿಗೆ ಇನ್ನೊಂದು ಸುತ್ತು ಸುತ್ತಿಕೊಂಡು, ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟು, ತುಟಿ ಅಲುಗಿಸುತ್ತ ಕೂತೇ ಇದ್ದಳು.